ತಂತಿ ಸುಟ್ಟಿತೋ, ಮೊದಲೇ ಹಾಗಿತ್ತೋ?

ಕಳೆದ ತಿಂಗಳ ಒಂದು ಭಾನುವಾರ ನಮ್ಮ ಮನೆಯಲ್ಲಿ ಸಣ್ಣದೊಂದು ಯುದ್ಧ ನಡೆಯಿತು. ಏಳನೇ ತರಗತಿಯ ಮೊಮ್ಮಗ ಬೆಳಗಿನಿಂದ ಮೊಬೈಲಿನಲ್ಲಿ ಆಟ ಆಡುತ್ತಿದ್ದ. ಅವನಜ್ಜಿ ಮೂರು ಸಲ ಊಟಕ್ಕೆ ಕರೆದಳು. ಮೂರು ಸಲವೂ "ಒಂದೇ ನಿಮಿಷ ಅಜ್ಜಿ" ಅಂದ. ಆ ಒಂದು ನಿಮಿಷ ಮುಗಿಯುವಷ್ಟರಲ್ಲಿ ಸಾರು ಆರಿಹೋಗಿತ್ತು. ನನಗೆ ಸಿಟ್ಟು ಬಂತು. ಅಂದು ಬೆಳಿಗ್ಗೆ ವಾಟ್ಸಾಪಿನಲ್ಲಿ ಬಂದಿದ್ದ ಸಂದೇಶವೊಂದು ನೆನಪಾಗಿ ಅದನ್ನೇ ಜೋರಾಗಿ ಹೇಳಿಬಿಟ್ಟೆ: "ಹೀಗೇ ಆಡ್ತಾ ಇದ್ರೆ ಮೆದುಳಿನ ತಂತಿಗಳೆಲ್ಲ ಸುಟ್ಟುಹೋಗುತ್ತಂತೆ. ನಿನ್ನದು ಆಗಲೇ ಅರ್ಧ ಸುಟ್ಟಿರಬೇಕು!"

ಹುಡುಗ ಫೋನು ಕೆಳಗಿಟ್ಟ. ಅಳಲಿಲ್ಲ, ಎದುರು ಮಾತಾಡಲೂ ಇಲ್ಲ. ರಾತ್ರಿ ಮಲಗುವ ಹೊತ್ತಿಗೆ ನನ್ನ ಮಂಚದ ಹತ್ತಿರ ಬಂದು ಮೆಲ್ಲಗೆ ಕೇಳಿದ: "ತಾತ, ನಿಜವಾಗ್ಲೂ ನನ್ನ ಮೆದುಳು ಹಾಳಾಗಿದೆಯಾ?"

ನನಗೆ ಉತ್ತರ ಹೊಳೆಯಲಿಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಷ್ಟು ವರ್ಷವೂ ತಾಳೆ ನೋಡದೆ ಒಂದು ವೋಚರಿಗೂ ರುಜು ಹಾಕಿದವನಲ್ಲ ನಾನು. ಈಗ ಯಾರೋ ಕಳಿಸಿದ ಮಾತಿಗೆ ಕಣ್ಣು ಮುಚ್ಚಿ ರುಜು ಹಾಕಿದ್ದೆ. ಸಾಲದ್ದಕ್ಕೆ ಅದನ್ನು ನಮ್ಮ ವಾಕಿಂಗ್ ಗೆಳೆಯರ ಬಳಗಕ್ಕೂ ಕಳಿಸಿದ್ದೆ. "ವಿಚಾರಿಸಿ ಹೇಳ್ತೀನಿ, ಈಗ ಮಲಗು" ಅಂದೆ.

ಮರುದಿನದಿಂದ ಸೊಸೆಯ ಸಹಾಯದಿಂದ ಹುಡುಕಿ ಹುಡುಕಿ ಓದಿದೆ. ಮಕ್ಕಳೇ, ಮೊಮ್ಮಗನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಮ್ಮ ಮೆದುಳಿನ ತೂಕ ಹೆಚ್ಚು ಕಡಿಮೆ 1.4 ಕಿಲೋ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ನೋಡುವುದಕ್ಕೆ ಒಂದು ಭಾಗ, ಕೇಳುವುದಕ್ಕೆ ಒಂದು ಭಾಗ, ಯೋಚಿಸಿ ತೀರ್ಮಾನ ಮಾಡುವುದಕ್ಕೆ ಹಣೆಯ ಹಿಂದೆ ಇನ್ನೊಂದು ಭಾಗ. ಹೀಗೆ ಕೆಲಸ ಹಂಚಿಕೆಯಾಗಿದ್ದರೂ ಯಾವ ಭಾಗವೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಒಂದಕ್ಕೊಂದು ಸದಾ ಸಂಪರ್ಕದಲ್ಲಿರುತ್ತವೆ.

ಆ ಸಂಪರ್ಕವನ್ನು ಎಂ.ಆರ್.ಐ. ಯಂತ್ರದಿಂದ ನೋಡಬಹುದು. ದುಡಿಯುತ್ತಿರುವ ಭಾಗಕ್ಕೆ ಆಮ್ಲಜನಕ ಹೊತ್ತ ರಕ್ತ ಹೆಚ್ಚು ಹರಿಯುತ್ತದೆ. ಯಂತ್ರ ಅದನ್ನು ಗುರುತಿಸುತ್ತದೆ. 1995ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಭರತ್ ಬಿಸ್ವಾಲ್ ಎಂಬ ಯುವ ಸಂಶೋಧಕರು ಮತ್ತು ಅವರ ಜೊತೆಗಾರರು ಒಂದು ಸ್ವಾರಸ್ಯ ಕಂಡರು. ಮನುಷ್ಯ ಏನೂ ಮಾಡದೆ ಸುಮ್ಮನೆ ಮಲಗಿದ್ದಾಗಲೂ, ಕೈಕಾಲು ಆಡಿಸುವ ಎಡಬಲದ ಎರಡು ಭಾಗಗಳಲ್ಲಿ ಈ ಏರಿಳಿತ ಜೊತೆಜೊತೆಯಾಗಿ ನಡೆಯುತ್ತಿತ್ತು. ಹೀಗೆ ಜೊತೆಯಾಗಿ ಏರಿಳಿಯುವ ಭಾಗಗಳ ನಡುವೆ ಸಂಪರ್ಕ ಇದೆ ಎಂದು ಲೆಕ್ಕ.

ಇನ್ನು ಆಟದ ವಿಷಯ. ದಕ್ಷಿಣ ಕೊರಿಯಾದಲ್ಲಿ ಮಕ್ಕಳ ಗೇಮ್ ಹುಚ್ಚು ದೊಡ್ಡ ಚಿಂತೆಯಾಗಿತ್ತು. ಅಲ್ಲಿನ ಚುಂಗ್ ಆಂಗ್ ವಿಶ್ವವಿದ್ಯಾಲಯದವರೂ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರೂ ಸೇರಿ ಒಂದು ಅಧ್ಯಯನ ಮಾಡಿ 2015ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಗೇಮ್ ಚಟ ಬಿಡಿಸಿಕೊಳ್ಳಲು ಚಿಕಿತ್ಸೆಗೆ ಬಂದ, 10ರಿಂದ 19 ವರ್ಷದ 106 ಹುಡುಗರ ಮೆದುಳನ್ನು ಸ್ಕ್ಯಾನ್ ಮಾಡಿದರು. ಚಟವಿಲ್ಲದ 80 ಹುಡುಗರೊಂದಿಗೆ ಹೋಲಿಸಿದರು. ಮೆದುಳಿನ 25 ಭಾಗಗಳನ್ನು ಆರಿಸಿ, ಎರಡೆರಡನ್ನು ಜೋಡಿ ಮಾಡಿ ಒಟ್ಟು 300 ಜೋಡಿಗಳನ್ನು ನೋಡಿದರು. 25 ಭಾಗದಿಂದ 300 ಜೋಡಿ ಹೇಗೆ ಬಂತು? 25ನ್ನು 24ರಿಂದ ಗುಣಿಸಿ ಎರಡರಿಂದ ಭಾಗಿಸಿ, ಗೊತ್ತಾಗುತ್ತದೆ.

ಅವರು ಕಂಡದ್ದು ಎರಡು ಬಗೆ. ಚಟವಿದ್ದ ಹುಡುಗರಲ್ಲಿ ಕೆಲವು ಜೋಡಿಗಳ ನಡುವೆ ಸಂಪರ್ಕ ಮಾಮೂಲಿಗಿಂತ ಹೆಚ್ಚಾಗಿತ್ತು. ಕಣ್ಣು ಕಿವಿಗಳಿಂದ ಬಂದ ಸುದ್ದಿಯಲ್ಲಿ ಮುಖ್ಯವಾದದ್ದನ್ನು ಥಟ್ಟನೆ ಹಿಡಿಯುವ ವ್ಯವಸ್ಥೆಯೊಂದು ಮೆದುಳಿನಲ್ಲಿದೆ. ಅದರ ಸಂಪರ್ಕ ಬಲವಾಗಿತ್ತು. ಇದು ಒಳ್ಳೆಯದೇ ಇರಬಹುದು, ಎದುರಿನಿಂದ ಬರುವುದನ್ನು ಕಂಡು ಬೇಗ ಸ್ಪಂದಿಸಲು ನೆರವಾಗಬಹುದು ಎಂದರು ಸಂಶೋಧಕರು.

ಎರಡನೆಯದು ಅಷ್ಟು ಒಳ್ಳೆಯದಲ್ಲ. ಯೋಚಿಸಿ ತೀರ್ಮಾನ ಮಾಡುವ, ಹಣೆಯ ಹಿಂದಿನ ಭಾಗಕ್ಕೂ, ಸುತ್ತ ಏನಾದರೂ ಆದಾಗ ಗಮನವನ್ನು ಅತ್ತ ತಿರುಗಿಸುವ, ಕಿವಿಯ ಮೇಲ್ಗಡೆಯ ಭಾಗಕ್ಕೂ ನಡುವೆ ಸಂಪರ್ಕ ಹೆಚ್ಚಾಗಿತ್ತು. ಸಂಪರ್ಕ ಹೆಚ್ಚಾದರೆ ಕೆಡುಕೇನು ಅಂತ ಮೊಮ್ಮಗ ಕೇಳಿದ. ಅವನಿಗೆ ನಮ್ಮ ಹಳೆಯ ಬ್ಯಾಂಕಿನ ಉದಾಹರಣೆ ಕೊಟ್ಟೆ. ಚೆಕ್ ಪಾಸ್ ಮಾಡುವ ಅಧಿಕಾರಿ ಒಳಗೆ ಕೂತು ಲೆಡ್ಜರ್ ನೋಡಿ, ಸಹಿ ನೋಡಿ, ಆಮೇಲೆ ರುಜು ಹಾಕಬೇಕು. ಬಾಗಿಲಲ್ಲಿ ಯಾರೇ ಬಂದರೂ ಅವರ ಮೇಜಿನ ಮೇಲೆ ಗಂಟೆ ಬಾರಿಸುವ ಹಾಗೆ ಮಾಡಿದರೆ ಏನಾಗುತ್ತದೆ? ಪ್ರತಿ ಸಲ ತಲೆ ಎತ್ತುತ್ತಾರೆ, ಚೆಕ್ ಅಲ್ಲೇ ಉಳಿಯುತ್ತದೆ. ಗಮನ ನಿಲ್ಲದವರಲ್ಲಿ, ಮನಸ್ಸಿನ ಹತೋಟಿ ಕಡಿಮೆ ಇರುವ ಕೆಲವರಲ್ಲಿ ಇಂಥ ಸಂಪರ್ಕ ಕಾಣುತ್ತದಂತೆ.

ಅಂತೂ ಸುಟ್ಟುಹೋದದ್ದು ಏನೂ ಇಲ್ಲ. ಇನ್ನೂ ಮುಖ್ಯವಾದ ಮಾತೊಂದನ್ನು ಆ ಸಂಶೋಧಕರೇ ಹೇಳಿದ್ದಾರೆ. ಆಟ ಆಡಿ ಆಡಿ ಮೆದುಳು ಹೀಗಾಯಿತೋ, ಮೊದಲೇ ಹೀಗಿದ್ದ ಮಕ್ಕಳನ್ನು ಆಟ ಹೆಚ್ಚು ಸೆಳೆಯಿತೋ, ಈ ಅಧ್ಯಯನದಿಂದ ಹೇಳಲಾಗದು. ಇದನ್ನು ಕೇಳಿ ಮೊಮ್ಮಗನ ಮುಖ ಅರಳಿತು. "ಅಂದ್ರೆ ತಾತ, ಬ್ಯಾಸ್ಕೆಟ್‌ಬಾಲ್ ಆಡೋರೆಲ್ಲ ಉದ್ದ ಇರ್ತಾರಲ್ಲ, ಹಾಗೆ. ಆಡಿದ್ದಕ್ಕೆ ಉದ್ದ ಆದ್ರಾ, ಉದ್ದ ಇದ್ದಿದ್ದಕ್ಕೆ ಆಡಿದ್ರಾ?" ನಾನು ಎರಡು ದಿನ ಓದಿ ತಿಳಿದದ್ದನ್ನು ಹುಡುಗ ಒಂದೇ ಮಾತಿನಲ್ಲಿ ಹೇಳಿದ.

ಹಾಗಾದರೆ ಆಡುವವರಿಗೆಲ್ಲ ಚಟ ಎನ್ನಬಹುದೇ? ಇಲ್ಲ. ಗೇಮ್ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆಗಳ ಪಟ್ಟಿಗೆ ಒಪ್ಪಿಕೊಂಡಿತು. 2022ರ ಜನವರಿಯಿಂದ ಆ ಪಟ್ಟಿ ಜಾರಿಯಲ್ಲಿದೆ. ಅಲ್ಲಿ ದಿನಕ್ಕೆ ಇಷ್ಟು ಗಂಟೆ ಎಂಬ ಲೆಕ್ಕವಿಲ್ಲ. ಮೂರು ಸಂಗತಿ ನೋಡುತ್ತಾರೆ. ಆಟ ನಿಲ್ಲಿಸುವ ಹತೋಟಿ ತಪ್ಪಿದೆಯೇ? ಓದು, ಊಟ, ನಿದ್ದೆ, ಗೆಳೆಯರು ಎಲ್ಲಕ್ಕಿಂತ ಆಟವೇ ಮುಂದಾಗಿದೆಯೇ? ತೊಂದರೆಯಾಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿದಿದೆಯೇ? ಇವೆಲ್ಲ ಸಾಮಾನ್ಯವಾಗಿ ಒಂದು ವರ್ಷವಾದರೂ ಕಂಡಿರಬೇಕು. ಸಾರು ಆರಿದ ಮಾತ್ರಕ್ಕೆ ಕಾಯಿಲೆಯಲ್ಲ.

ನಿಜವಾಗಿ ಹತೋಟಿ ತಪ್ಪಿದ್ದರೆ ಮುಚ್ಚಿಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ 'ಶಟ್' ಎಂಬ ಕ್ಲಿನಿಕ್ ಇದೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯವರು ಉಚಿತವಾಗಿ ಸಲಹೆ ಕೊಡುತ್ತಾರೆ.

ಅಜ್ಜ ಅಜ್ಜಿಯರೇ, ನಮಗೂ ಒಂದು ಮಾತು. ಕೊರಿಯಾ ಸರ್ಕಾರ 2011ರಲ್ಲಿ, 16 ವರ್ಷದೊಳಗಿನವರು ನಡುರಾತ್ರಿಯಿಂದ ಬೆಳಗಿನ ಆರರವರೆಗೆ ಆನ್‌ಲೈನ್ ಆಟ ಆಡಬಾರದೆಂದು ಕಾನೂನು ತಂದಿತು. ಹತ್ತು ವರ್ಷದ ನಂತರ ಅದನ್ನು ಕೈಬಿಟ್ಟು, ಆಟದ ಹೊತ್ತನ್ನು ಮನೆಯವರೇ ಗೊತ್ತು ಮಾಡಲಿ ಎಂದಿತು. ಕೊನೆಗೆ ಮಾತು ಮನೆಗೇ ಬಂತು.

ನಮ್ಮ ಮನೆಯಲ್ಲಿ ಆದದ್ದು ಇಷ್ಟು. "ನಿನ್ನ ಮೆದುಳು ಹಾಳಾಗಿಲ್ಲಪ್ಪ, ತಾತ ತಪ್ಪು ಹೇಳಿದ್ದೆ" ಅಂದೆ. ಅವನು ಸುಮ್ಮನೆ ತಲೆಯಾಡಿಸಿ, ಆಮೇಲೆ ತಾನೇ ಒಂದು ಒಪ್ಪಂದ ಮುಂದಿಟ್ಟ. ನಡುವೆ ನಿಲ್ಲಿಸಿದರೆ ಅವನ ತಂಡ ಸೋಲುತ್ತದಂತೆ. ಆದ್ದರಿಂದ ಊಟಕ್ಕೆ ಹತ್ತು ನಿಮಿಷ ಮೊದಲೇ ನಾವು ಹೇಳಬೇಕು, ಅವನು ಹೊಸ ಆಟ ಶುರು ಮಾಡಬಾರದು. ಜೊತೆಗೆ ಇನ್ನೊಂದು ಷರತ್ತು: "ಊಟಕ್ಕೆ ಕೂತಾಗ ನೀವೂ ವಾಟ್ಸಾಪ್ ನೋಡಬಾರದು ತಾತ." ಅವನಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಒಪ್ಪಿಕೊಂಡೆ.

ಆಮೇಲೆ ಬಂದ ಮೂರು ಭಾನುವಾರಗಳಲ್ಲಿ ಅವನು ಒಂದು ಸಲ ತಪ್ಪಿದ, ನಾನು ಎರಡು ಸಲ. ವಾಕಿಂಗ್ ಬಳಗಕ್ಕೆ "ನಾನು ಕಳಿಸಿದ್ದು ತಪ್ಪು, ತಂತಿ ಸುಡುವುದಿಲ್ಲ" ಎಂದು ಬರೆದು ಕಳಿಸಿದ್ದೇನೆ. ಲೆಕ್ಕ ತಪ್ಪಿದರೆ ತಿದ್ದಿ, ಪಕ್ಕದಲ್ಲಿ ರುಜು ಹಾಕಬೇಕಲ್ಲವೇ?