ಬಸ್ಸೂ ಬೇಕು, ನಿದ್ದೆಯೂ ಬೇಕು

ಬೆಂಗಳೂರಿನ ಬಡಾವಣೆಗಳಿಂದ ಎರಡು ಬಗೆಯ ಅರ್ಜಿಗಳು ಹೊರಡುತ್ತವೆ. ಹಗಲಿನಲ್ಲಿ ಬರೆದ ಅರ್ಜಿಯಲ್ಲಿ ನಮ್ಮ ಕಡೆಗೆ ಬಸ್ಸು ಸಾಲದೆಂಬ ದೂರು. ರಾತ್ರಿ ನಿದ್ದೆಗೆಟ್ಟು ಬರೆದ ಅರ್ಜಿಯಲ್ಲಿ ನಮ್ಮ ಬೀದಿಯಲ್ಲಿ ಬಸ್ಸಿನ ಸದ್ದು ಹೆಚ್ಚೆಂಬ ದೂರು. ಎರಡರ ಕೆಳಗೂ ಒಂದೇ ಬಡಾವಣೆಯ ಹೆಸರು. ಎಷ್ಟೋ ವೇಳೆ ಸಹಿಗಳೂ ಅವೇ. ಇದನ್ನು ಕಂಡು ನಗುವವರುಂಟು. ಆದರೆ ಎರಡರಲ್ಲಿಯೂ ಇರುವ ಸಂಕಟ ನಿಜವಾದುದು. ವಾಚಕರು ಅವೆರಡನ್ನೂ ಒಮ್ಮೆ ಜೊತೆಯಲ್ಲಿಟ್ಟು ಓದಬೇಕೆಂದು ನನ್ನ ವಿನಂತಿ.

ಕೊನೆಯ ನಿಲ್ದಾಣವಿರುವ ಬೀದಿಯಲ್ಲಿ ಮನೆ ಮಾಡಿದವರ ಕಷ್ಟ ಉಳಿದವರಿಗೆ ಸುಲಭವಾಗಿ ತಿಳಿಯದು. ಕೋಳಿ ಕೂಗುವುದಕ್ಕೆ ಮೊದಲೇ ಎಂಜಿನ್ನು ಗುಡುಗತೊಡಗುತ್ತದೆ. ಬಸ್ಸು ಹಿಂದಕ್ಕೆ ಸರಿಯುವಾಗ ನಿರ್ವಾಹಕರ ಶಿಳ್ಳೆ, ತಗಡನ್ನು ತಟ್ಟುವ ಸದ್ದು, ಅಡ್ಡ ನಿಂತ ಕಾರಿನವನಿಗಾಗಿ ಉದ್ದನೆಯ ಹಾರನ್ನು. ಸರಿರಾತ್ರಿಯ ಹೊತ್ತಿಗೆ ಬರುವ ಕೊನೆಯ ಬಸ್ಸಿಗೂ ಇದೇ ಉಪಚಾರ. ಮನೆಯಲ್ಲಿ ಎಳೆಗೂಸಿದ್ದರೆ, ರೋಗಿಯಿದ್ದರೆ, ಪರೀಕ್ಷೆಗೆ ಓದುವ ಮಗನಿದ್ದರೆ, ಇದು ಸಹಿಸಿಕೊಂಡಿರಿ ಎಂದು ಹೇಳಿ ತಳ್ಳಿಹಾಕುವ ವಿಷಯವಲ್ಲ.

ಕಾನೂನು ಇವರ ಪಕ್ಷದಲ್ಲಿಯೇ ಇದೆ. ಕೇಂದ್ರ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಸದ್ದು 55 ಡೆಸಿಬಲನ್ನು, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲನ್ನು ಮೀರಬಾರದು. ರಾತ್ರಿಯ ವೇಳೆ ವಸತಿ ಪ್ರದೇಶದಲ್ಲಿ ಹಾರನ್ನು ಬಾರಿಸಕೂಡದೆಂದು ಸುಪ್ರೀಂ ಕೋರ್ಟು 2005ರಲ್ಲಿಯೇ ಹೇಳಿದೆ. ಆದರೆ ಅದೇ ನಿಯಮಗಳಲ್ಲಿ ಒಂದು ಸೂಕ್ಷ್ಮವಿದೆ. ಸಾಮಾನ್ಯವಾಗಿ ನಾಗರಿಕನು ದೂರು ಕೊಡಬೇಕಾದರೆ ಸದ್ದು ಮಿತಿಗಿಂತ 10 ಡೆಸಿಬಲಿನಷ್ಟಾದರೂ ಮೇಲೇರಿರಬೇಕು. ಹತ್ತೆಂಬುದು ಕೇಳಲು ಅಲ್ಪಸಂಖ್ಯೆ. ಡೆಸಿಬಲಿನ ಲೆಕ್ಕದಲ್ಲಿ ಹತ್ತು ಏರಿತೆಂದರೆ ಸದ್ದಿನ ಶಕ್ತಿ ಹತ್ತು ಪಟ್ಟಾಯಿತೆಂದು ಅರ್ಥ!

ಈ ಲೆಕ್ಕವನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಕೊಂಡೊಯ್ಯೋಣ. ಸಮನಾದ ಸದ್ದು ಮಾಡುವ ಎರಡು ಸ್ಕೂಟರುಗಳು ಒಟ್ಟಿಗೆ ಓಡಿದರೆ ಒಂದು ಓಡಿದಾಗಿಗಿಂತ 3 ಡೆಸಿಬಲ್ ಹೆಚ್ಚು. ಐವತ್ತು ಓಡಿದರೆ ಸುಮಾರು 17 ಡೆಸಿಬಲ್ ಹೆಚ್ಚು. ಐವತ್ತು ಸ್ಕೂಟರುಗಳೆಂದರೆ ಹೆಚ್ಚುಕಡಮೆ ಒಂದು ತುಂಬಿದ ಬಸ್ಸಿನ ಜನ. ಬಸ್ಸು ಒಮ್ಮೆ ಗುಡುಗಿ ಹೋಗಿಬಿಡುತ್ತದೆ. ಸ್ಕೂಟರುಗಳು ಒಂದರ ಹಿಂದೊಂದು ಬರುತ್ತವೆ, ಚೌಕದಲ್ಲಿ ಸಿಕ್ಕಿಕೊಳ್ಳುತ್ತವೆ, ಸಿಕ್ಕಿಕೊಂಡ ಪ್ರತಿಯೊಬ್ಬನೂ ಮುಂದಿನವನಿಗೆ ಹಾರನ್ನು ಹಾಕುತ್ತಾನೆ. ನಮ್ಮ ಕಿವಿಯಾದರೋ ಗುಡುಗಿದ ಬಸ್ಸನ್ನು ನೆನಪಿಟ್ಟುಕೊಳ್ಳುತ್ತದೆ, ದಿನವಿಡೀ ಹರಿಯುವ ಕಿರಿಕಿರಿಯನ್ನು ಊರಿನ ಸಹಜಧ್ವನಿಯೆಂದು ಕ್ಷಮಿಸಿಬಿಡುತ್ತದೆ.

ಈ ಕಿರಿಕಿರಿ ಬೆಳೆದದ್ದು ಹೇಗೆ? 1940ರಲ್ಲಿ ಖಾಸಗಿ ಕಂಪನಿಯೊಂದರಿಂದ ಆರಂಭವಾದ ನಗರದ ಬಸ್ ಸೇವೆಯನ್ನು 1956ರಲ್ಲಿ ಸರ್ಕಾರ ವಹಿಸಿಕೊಂಡಿತು. ಹಿರಿಯರ ಬಾಯಲ್ಲಿ ಇಂದಿಗೂ ಉಳಿದಿರುವ ಬಿ.ಟಿ.ಎಸ್. ಆಗಿನದು, 1997ರಿಂದ ಅದು ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ. 1951ರ ಜನಗಣತಿಯಲ್ಲಿ ಎಂಟು ಲಕ್ಷಕ್ಕೆ ಸಮೀಪವಿದ್ದ ಊರು 2011ರಲ್ಲಿ ಎಂಬತ್ತನಾಲ್ಕು ಲಕ್ಷವನ್ನು ಮುಟ್ಟಿತು. ನೋಂದಣಿಯಾದ ವಾಹನಗಳು ಒಂದು ಕೋಟಿಯನ್ನು ದಾಟಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ದ್ವಿಚಕ್ರ ವಾಹನಗಳು. ಬಸ್ಸಿಗಾಗಿ ಕಾದು ಕಾದು ಬೇಸತ್ತವನು ಸಾಲ ಮಾಡಿಯಾದರೂ ಒಂದು ಸ್ಕೂಟರು ಕೊಳ್ಳುತ್ತಾನೆ. ಅವನು ಕೊಂಡ ದಿನದಿಂದ ರಸ್ತೆ ಇನ್ನಷ್ಟು ಕಿರಿದಾಗುತ್ತದೆ, ಬಸ್ಸು ಇನ್ನಷ್ಟು ತಡವಾಗುತ್ತದೆ, ಕಾಯುತ್ತ ನಿಂತ ಮತ್ತೊಬ್ಬನು ಅಂಗಡಿಯ ಕಡೆಗೆ ಹೆಜ್ಜೆ ಹಾಕುತ್ತಾನೆ. ಹಗಲಿನ ಅರ್ಜಿಗೆ ಉತ್ತರ ಬಾರದಿದ್ದುದರ ಫಲವನ್ನೇ ನಾವು ರಾತ್ರಿ ಕಿವಿಯಲ್ಲಿ ಅನುಭವಿಸುತ್ತಿದ್ದೇವೆ.

ಆದುದರಿಂದ ಸದ್ದಿಗೆ ಬೇಸತ್ತ ಬಡಾವಣೆಯವರು ನಿಲ್ದಾಣವನ್ನೇ ಬೇರೆಡೆಗೆ ಸಾಗಿಸಿರೆಂದು ಕೇಳುವಾಗ ಸ್ವಲ್ಪ ಯೋಚಿಸಬೇಕು. ನಿಲ್ದಾಣ ನಾಲ್ಕು ಫರ್ಲಾಂಗು ದೂರ ಹೋದರೆ ಮನೆಯಲ್ಲಿ ಕಾರಿರುವವರಿಗೆ ನಷ್ಟವಿಲ್ಲ. ನಡೆಯಬೇಕಾದವಳು ಬೆಳಗಿನ ಆರಕ್ಕೆ ಅದೇ ಮನೆಗಳಿಗೆ ಅಡಿಗೆಗೂ ಕಸಮುಸುರೆಗೂ ಬರುವ ಹೆಂಗಸು. ರಾತ್ರಿಯ ಪಾಳಿ ಮುಗಿಸಿಕೊಂಡು ಬರುವ ದಾದಿ. ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ಹುಡುಗಿ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಹಣ ಉಳಿಯಿತು. ಕತ್ತಲೆಯಲ್ಲಿ ನಡೆಯುವ ದೂರವನ್ನು ಯಾವ ಯೋಜನೆಯೂ ಉಳಿಸಲಾರದು. ಅಡಿಗೆಗೆ ಬರುವ ಆ ಹೆಂಗಸಿನ ಸಹಿ ಅರ್ಜಿಯಲ್ಲಿ ಇರುವುದಿಲ್ಲ. ಆಕೆ ಆ ಬಡಾವಣೆಯ ನಿವಾಸಿಯಲ್ಲವಲ್ಲ! ಕಾಲೇಜಿನಲ್ಲಿ ಮೊದಲ ಗಂಟೆಯ ಪಾಠ ಹೇಳುವವರಿಗೂ ಈ ವಿಷಯ ಚೆನ್ನಾಗಿ ಗೊತ್ತು. ಯಾವ ದಿಕ್ಕಿಗೆ ಬಸ್ಸು ಸರಿಯಾಗಿಲ್ಲವೆಂಬುದನ್ನು ಹಾಜರಿ ಪುಸ್ತಕವೇ ಹೇಳುತ್ತದೆ.

ಹೀಗೆಂದ ಮಾತ್ರಕ್ಕೆ ನಿದ್ದೆಗೆಟ್ಟವರು ಸುಮ್ಮನಿರಬೇಕೆಂದು ನನ್ನ ಅಭಿಪ್ರಾಯವಲ್ಲ. ಬಸ್ಸನ್ನು ಓಡಿಸದೆಯೇ ಸದ್ದನ್ನು ತಗ್ಗಿಸುವುದಕ್ಕಿಂತ ಓಡಿಸಿಯೂ ತಗ್ಗಿಸುವ ದಾರಿಗಳಿವೆ. ನಿಂತ ಬಸ್ಸಿನ ಎಂಜಿನ್ನನ್ನು ಆರಿಸಬಹುದು. ಹಿಂದಕ್ಕೆ ಸರಿಯದೆ ಸುತ್ತಿಕೊಂಡು ಹೋಗುವಷ್ಟು ಜಾಗ ಬಿಟ್ಟು, ಅಲ್ಲಿ ಕಾರು ನಿಲ್ಲದಂತೆ ನೋಡಿಕೊಂಡರೆ ಶಿಳ್ಳೆ, ಹಾರನ್ನು ಎರಡೂ ತಪ್ಪುತ್ತವೆ. 2021ರ ಕೊನೆಯಿಂದ ನಗರಕ್ಕೆ ವಿದ್ಯುತ್ ಬಸ್ಸುಗಳು ಬರತೊಡಗಿವೆ. ಹೊರಡುವಾಗ ಅವುಗಳಲ್ಲಿ ಡೀಸೆಲ್ ಎಂಜಿನ್ನಿನ ಗುಡುಗಿಲ್ಲ. ಮನೆಗಳ ಮಧ್ಯೆ ರಾತ್ರಿ ತಂಗುವ ಮತ್ತು ಮುಂಜಾನೆ ಹೊರಡುವ ಸರದಿಗೆ ಮೊದಲು ಅವನ್ನೇ ಕಳುಹಿಸಬಹುದಲ್ಲವೇ? 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಒಂದು ಪಥವನ್ನು ಬಿಟ್ಟು ನೋಡಿದರು. ಅಂಥ ಪಥಗಳು ನಿಂತು ನೆಲೆಯೂರಿದರೆ ಬಸ್ಸು ಹೊತ್ತಿಗೆ ಬಂದೀತು, ಸ್ಕೂಟರಿನ ಆಸೆ ತಗ್ಗೀತು.

ಮುಂದಿನ ಸಲ ಬಡಾವಣೆಯ ಸಂಘದವರು ಸಭೆ ಸೇರಿದಾಗ ಎರಡು ಅರ್ಜಿಗಳ ಬದಲು ಒಂದನ್ನೇ ಬರೆಯಲಿ. ಬಸ್ಸು ಹೆಚ್ಚಿರಲಿ, ಎಂಜಿನ್ನು ಆರಲಿ, ನಿಲ್ದಾಣ ಇದ್ದಲ್ಲಿಯೇ ಇರಲಿ, ರಾತ್ರಿ ಹಾರನ್ನು ಬೇಡ ಎಂದು ಅದರಲ್ಲಿರಲಿ. ಸಹಿ ಹಾಕಿಸುವಾಗ ಅಡಿಗೆಮನೆಯಲ್ಲಿರುವವಳನ್ನೂ ಕರೆಯಲಿ. ಆ ಬಸ್ಸು ಎಷ್ಟು ಗಂಟೆಗೆ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಯಾವ ದಿನ ಬರುವುದೇ ಇಲ್ಲ ಎಂಬುದು ಅಲ್ಲಿ ಸೇರಿದವರೆಲ್ಲರಿಗಿಂತ ಚೆನ್ನಾಗಿ ಆಕೆಗೆ ಗೊತ್ತು.