ಬರಹವು ಕೂಡಿಸುವ ಬಳಗ

ಬರೆಯುವವನು ಒಂಟಿ ಎಂಬುದು ಅರ್ಧಸತ್ಯ. ಬರೆಯುವಾಗ ಅವನು ಒಂಟಿಯೇ ಹೌದು. ಆದರೆ ಬರೆದುದನ್ನು ಓದಿ ‘ಇದು ನನ್ನ ಮಾತೂ ಹೌದು’ ಎನ್ನುವವನೊಬ್ಬನು ದೊರೆತ ಗಳಿಗೆಯಿಂದ ಅವನಿಗೊಂದು ಬಳಗವುಂಟು.

ಬೀದರದವರಾದ ನಮಗೆ ಇದು ಹೊಸ ಪಾಠವಲ್ಲ. ನಿಜಾಮರ ಆಳ್ವಿಕೆಯಲ್ಲಿ ಆಡಳಿತಕ್ಕೂ ಶಿಕ್ಷಣಕ್ಕೂ ಉರ್ದುವೇ ಭಾಷೆಯಾಗಿದ್ದಾಗ, ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದರು. 1956ರ ನವೆಂಬರ್ 1ರಂದು ಬೀದರವು ಮೈಸೂರು ರಾಜ್ಯವನ್ನು ಸೇರಿತು, ನಿಜ. ಆದರೆ ಗಡಿಗೆರೆ ಬದಲಾಗುವ ಮೊದಲೇ ಮನಸ್ಸುಗಳನ್ನು ಕೂಡಿಸುವ ಕಾರ್ಯವು ಅಂತಹ ಗೋಡೆಗಳ ಒಳಗೆ ನಡೆದಿತ್ತು.

ಇಂದು ಫಲಕದ ಮರೆ ಬೇಕಾಗಿಲ್ಲ. ಆದರೂ ಮನೆಯಲ್ಲಿ ಮರಾಠಿ, ಪೇಟೆಯಲ್ಲಿ ಉರ್ದು, ತರಗತಿಯಲ್ಲಿ ಕನ್ನಡವನ್ನಾಡುವ ಔರಾದಿನ ತರುಣನು ತಾನು ಬರೆದ ಪದ್ಯವನ್ನು ವಹಿಯಲ್ಲಿಯೇ ಮುಚ್ಚಿಡುತ್ತಾನೆ. ತನ್ನ ಕನ್ನಡ ‘ಶುದ್ಧ’ವಲ್ಲವೆಂಬ ಅಳುಕು ಅವನದು. ಆ ಅಳುಕನ್ನು ಹುಟ್ಟಿಸಿದವರಲ್ಲಿ ಅಧ್ಯಾಪಕರಾದ ನಾವೂ ಇದ್ದೇವೆ. ಕೆಂಪು ಮಸಿಯಿಂದ ಗೀಟೆಳೆಯುವಾಗ ಎಷ್ಟೋ ಸಲ ನಾವು ತಿದ್ದಿದ್ದು ಅವನ ತಪ್ಪನ್ನಲ್ಲ, ಅವನ ಊರನ್ನು.

ಆದುದರಿಂದ ನಮ್ಮ ಸೂಚನೆ ಸರಳವಾದುದು. ಬೀದರ, ಭಾಲ್ಕಿ, ಔರಾದುಗಳಲ್ಲಿ ಬರೆಯುವವರು ತಿಂಗಳಿಗೊಂದು ಸಂಜೆ ಕಲೆಯಲಿ; ಬರೆದುದನ್ನು ಓದಲಿ, ಒಬ್ಬರದನ್ನೊಬ್ಬರು ಕೇಳಲಿ. ತಿದ್ದುವ ಕೆಲಸ ಮುಂದಿನ ಸಂಜೆಗಿರಲಿ. ಹಾರವೂ ಬೇಡ, ಭಾಷಣವೂ ಬೇಡ. ಹಾಸಲೊಂದು ಚಾಪೆ ಸಾಕು. ಕೇಳುವ ಕಿವಿಯಿರುವಲ್ಲಿ ಬರೆಯುವ ಕೈ ನಡುಗದು.