ಟ್ಯೂಬ್‌ಲೈಟು ಹೋಯ್ತು, ಎಲ್‌ಇಡಿ ಬಂತು... ಲೆಕ್ಕ ಸರಿ ಇದೆಯಾ?

ಕಳೆದ ವರ್ಷ ನಮ್ಮ ಆಫೀಸಿನ ಟ್ಯೂಬ್‌ಲೈಟುಗಳನ್ನೆಲ್ಲ ಕಿತ್ತು ಎಲ್‌ಇಡಿ ಹಾಕಿಸಿದರು. ಬೆಂಗಳೂರಿನ ಹಳೇ ಕಟ್ಟಡ, ನಮ್ಮದೊಂದು ಫ್ಲೋರಿನಲ್ಲೇ 400 ಟ್ಯೂಬು. "ನೀನು ಇಂಜಿನಿಯರ್ ಅಲ್ವಾ, ಎಷ್ಟು ಉಳಿಯತ್ತೆ ಅಂತ ಒಂದು ಎಕ್ಸೆಲ್ ಶೀಟು ಮಾಡಿಕೊಡು" ಎಂದು ಮ್ಯಾನೇಜರ್ ಕೆಲಸ ನನ್ನ ತಲೆಗೆ ಕಟ್ಟಿದರು. ನಾನು ಬರೆಯೋದು ಕೋಡು. ಆದರೂ ಇಂಜಿನಿಯರ್ ಅಂದಮೇಲೆ ಮಿಕ್ಸಿ ರಿಪೇರಿಯಿಂದ ಹಿಡಿದು ಎಲ್ಲವೂ ಗೊತ್ತಿರಬೇಕು ಅನ್ನೋದು ನಮ್ಮ ಜನರ ನಂಬಿಕೆ :-)

ಸರಿ, ಮಾಡಿದೆ. ಹಳೇ ದಪ್ಪ ಟ್ಯೂಬಿನ ಮೇಲೆ 36 ವ್ಯಾಟ್ ಅಂತ ಬರೆದಿರುತ್ತದೆ. ಆದರೆ ಅದರ ಜೊತೆಗಿರುವ ತಾಮ್ರದ ಚೋಕು ಬಿಸಿಯಾಗುತ್ತಾ ತಾನೂ ಒಂದಿಷ್ಟು ತಿನ್ನುತ್ತದೆ. ಎರಡೂ ಸೇರಿ ಹತ್ತಿರ ಹತ್ತಿರ 50 ವ್ಯಾಟ್. ಅದೇ ಜಾಗದಲ್ಲಿ 20 ವ್ಯಾಟಿನ ಎಲ್‌ಇಡಿ ಸಾಕು. ಒಂದಕ್ಕೆ 30 ವ್ಯಾಟ್ ಉಳಿದರೆ 400ಕ್ಕೆ 12 ಕಿಲೋವ್ಯಾಟ್. ದಿನಕ್ಕೆ 12 ಗಂಟೆ, ತಿಂಗಳಿಗೆ 25 ದಿನ ಅಂದರೆ 3,600 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಅಂತ ಹಿಡಿದರೆ ತಿಂಗಳಿಗೆ 25,200 ರೂಪಾಯಿ. ಟ್ಯೂಬು, ಕೂಲಿ ಸೇರಿ ಒಂದಕ್ಕೆ 300ರಂತೆ ಒಟ್ಟು ಖರ್ಚು 1,20,000. ಐದು ತಿಂಗಳೊಳಗೆ ಹಾಕಿದ ದುಡ್ಡು ವಾಪಸ್! ಇದರಲ್ಲಿ ಎಸಿ ಲೆಕ್ಕ ಸೇರಿಸಿಯೇ ಇಲ್ಲ. ದೀಪ ತಿಂದ ಕರೆಂಟೆಲ್ಲ ಕೊನೆಗೆ ಶಾಖವಾಗಿ ರೂಮಿನಲ್ಲೇ ಉಳಿಯುತ್ತದೆ, ಅದನ್ನು ಹೊರಗೆ ಹಾಕೋದಕ್ಕೆ ಎಸಿಗೆ ಮತ್ತೆ ಕರೆಂಟು ಕೊಡಬೇಕು. 12 ಕಿಲೋವ್ಯಾಟ್ ಅಂದರೆ ಮೂರು ಟನ್ನಿಗಿಂತ ಹೆಚ್ಚಿನ ಎಸಿಯ ಕೆಲಸ.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ನಾನು ಎಲ್‌ಇಡಿ ವಿರೋಧಿ ಅಲ್ಲ. ನೀಲಿ ಎಲ್‌ಇಡಿ ಮಾಡಿದ ಅಕಸಾಕಿ, ಅಮಾನೊ, ನಕಮುರಾ ಮೂವರಿಗೆ 2014ರಲ್ಲಿ ನೊಬೆಲ್ ಕೊಟ್ಟಿದ್ದು ಸುಮ್ಮನೆ ಅಲ್ಲ. ಆ ನೀಲಿ ಇಲ್ಲದಿದ್ದರೆ ಇವತ್ತಿನ ಈ ಬಿಳಿ ಬೆಳಕೂ ಇರುತ್ತಿರಲಿಲ್ಲ. ನಮ್ಮಲ್ಲೂ 2015ರಲ್ಲಿ ಉಜಾಲಾ ಯೋಜನೆ ಬಂತು. 2014ರಲ್ಲಿ 310 ರೂಪಾಯಿ ಇದ್ದ ಬಲ್ಬಿನ ಸಗಟು ಖರೀದಿ ದರ 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. ಇನ್ನೂ ಹಳೇ ಟ್ಯೂಬು ಉರಿಸುತ್ತಿರುವ ಆಫೀಸಿನವರು ನಾಳೆಯೇ ಬದಲಾಯಿಸಲಿ, ನನ್ನದೇನೂ ತಕರಾರಿಲ್ಲ.

ನನ್ನ ತಕರಾರಿರುವುದು ನನ್ನದೇ ಶೀಟಿನ ಮೇಲೆ.

ಶೀಟು ನೋಡಿ ಮ್ಯಾನೇಜರ್ "ಮೇಂಟೆನೆನ್ಸ್ ಉಳಿತಾಯ ಎಲ್ಲಿ?" ಅಂದರು. ಎಲ್‌ಇಡಿ ಪ್ಯಾಕೆಟ್ಟಿನ ಮೇಲೆ 25,000 ಗಂಟೆ ಅಂತ ಬರೆದಿತ್ತು, ಅಂದರೆ ನಮ್ಮ ಬಳಕೆಗೆ ಸುಮಾರು ಏಳು ವರ್ಷ. ಟ್ಯೂಬು ಬದಲಾಯಿಸುವ ಕೆಲಸವೇ ಇಲ್ಲ ಅಂದಮೇಲೆ ಕಾಂಟ್ರಾಕ್ಟಿನ ಮೇಲಿದ್ದ ಎಲೆಕ್ಟ್ರಿಷಿಯನ್ ಯಾಕೆ? ನಾನು ಇನ್ನೊಂದು ಸಾಲು ಸೇರಿಸಿದೆ. ತಿಂಗಳಿಗೆ 18,000. ಒಂದು ನಿಮಿಷದ ಕೆಲಸ. ಐದು ತಿಂಗಳಿದ್ದಿದ್ದು ಮೂರು ತಿಂಗಳಾಯಿತು. ಎಲ್ಲರಿಗೂ ಖುಷಿ.

ಆ ಸಾಲು ಒಬ್ಬ ಮನುಷ್ಯ. ಏಣಿ ಹೆಗಲ ಮೇಲಿಟ್ಟುಕೊಂಡು ಬಂದು, ಸ್ಟಾರ್ಟರ್ ಒಂದು ಸುತ್ತು ತಿರುಗಿಸಿ ನೋಡಿ, ಟ್ಯೂಬು ಹೋಗಿದೆಯೋ ಚೋಕು ಹೋಗಿದೆಯೋ ಅಂತ ಹೇಳುತ್ತಿದ್ದ ಅಣ್ಣ. ಹೊಸ ಟ್ಯೂಬು ಹಾಕುವಾಗ ನನ್ನನ್ನು ಕೇಳಿದರು, "ಸಾರ್, ಇದು ಏಳು ವರ್ಷ ಬರತ್ತಂತೆ, ನಿಜಾನಾ?" "ಹಂಗೆ ಬರ್ದಿದಾರೆ ಅಣ್ಣಾ" ಅಂದೆ. "ಹಂಗಾದ್ರೆ ನಮ್ಗೇನ್ ಕೆಲ್ಸ ಸಾರ್" ಅಂತ ನಕ್ಕರು. ನಾನೂ ನಕ್ಕೆ. ಶೀಟು ಆಗಲೇ ಮೇಲ್ ಮಾಡಿಯಾಗಿತ್ತು.

ಹೋಗುವ ಮುಂಚೆ ಅವರು ಎರಡು ಕೆಲಸ ಮಾಡಿದರು, ಎರಡೂ ಯಾರೂ ಹೇಳದೇ ಮಾಡಿದ್ದು. ಎಲ್‌ಇಡಿ ಹಾಕಿದವರು ಚೋಕು ತೆಗೆದು ಟ್ಯೂಬಿನ ಪಿನ್ನಿಗೆ ನೇರವಾಗಿ ಲೈನು ಕೊಟ್ಟಿದ್ದರು. ಮುಂದೆ ಯಾರಾದರೂ ತಿಳಿಯದೆ ಅಲ್ಲಿಗೆ ಹಳೇ ಟ್ಯೂಬು ಸಿಕ್ಕಿಸಿದರೆ ಢಂ ಅನ್ನುವ ಅಪಾಯ. ಅದಕ್ಕೇ ಪ್ರತಿ ಪಟ್ಟಿಯ ಮೇಲೂ ಮಾರ್ಕರಿನಲ್ಲಿ "ಎಲ್‌ಇಡಿ ಮಾತ್ರ" ಅಂತ ಬರೆದರು. ಇನ್ನೊಂದು, ಕಿತ್ತ ಟ್ಯೂಬುಗಳನ್ನು ಒಡೆಯದಂತೆ ರಟ್ಟಿನ ಕವರಿಗೆ ಹಾಕಿ ಜೋಡಿಸಿಟ್ಟರು. ಒಂದೊಂದರಲ್ಲೂ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. 2016ರ ಇ-ತ್ಯಾಜ್ಯ ನಿಯಮಗಳಲ್ಲೇ ಈ ದೀಪಗಳ ಹೆಸರಿತ್ತು, ಕಸದ ಬುಟ್ಟಿಗೆ ಹಾಕುವಂತಿಲ್ಲ. ಈ ಪಾದರಸದ ಕಾರಣಕ್ಕೇ ಮಿನಮಾಟ ಒಪ್ಪಂದದ ದೇಶಗಳು 2023ರಲ್ಲಿ ಸಭೆ ಸೇರಿ, ಸಾಮಾನ್ಯ ಬೆಳಕಿನ ಫ್ಲೋರೆಸೆಂಟ್ ದೀಪಗಳ ತಯಾರಿಕೆಯನ್ನು 2027ರ ಹೊತ್ತಿಗೆ ನಿಲ್ಲಿಸಲು ಒಪ್ಪಿದವು. ನನ್ನ ಶೀಟಿನಲ್ಲಿ ಈ 400 ಟ್ಯೂಬು ಎಲ್ಲಿಗೆ ಹೋಗಬೇಕು ಅನ್ನುವ ಸಾಲೇ ಇರಲಿಲ್ಲ. ಅವರು ಹೋದ ಮೇಲೆ ಒಂದು ಶನಿವಾರ ಆ ರಟ್ಟಿನ ರಾಶಿ ಮಾಯವಾಯಿತು. ಯಾರನ್ನು ಕೇಳಿದರೂ "ಹೌಸ್‌ಕೀಪಿಂಗ್ ಕೇಳಿ" ಅನ್ನೋ ಉತ್ತರ.

ಏಳು ವರ್ಷದ ಕಥೆ ಏನಾಯಿತು? ಹತ್ತು ತಿಂಗಳಿಗೇ ಹದಿಮೂರು ಟ್ಯೂಬು ಮಿಣುಕತೊಡಗಿದವು. ಎಲ್‌ಇಡಿ ಚಿಪ್ಪು ಗಟ್ಟಿಯೇ. ಸಾಮಾನ್ಯವಾಗಿ ಮೊದಲು ಸಾಯೋದು ಅದಕ್ಕೆ ಕರೆಂಟು ಕೊಡುವ ಡ್ರೈವರು, ಅದರೊಳಗಿನ ಕೆಪಾಸಿಟರು ಬಿಸಿಗೆ ಒಣಗುತ್ತದೆ. ಪ್ಯಾಕೆಟ್ಟಿನ ಗಂಟೆ ಲೆಕ್ಕ ಬೆಳಕು ನಿಧಾನವಾಗಿ ಮಂಕಾಗುವುದರ ಲೆಕ್ಕ, ಡ್ರೈವರಿನ ಆಯಸ್ಸಿನದ್ದಲ್ಲ. ಈಗ ಹೊರಗಿನವರಿಗೆ ಫೋನ್ ಮಾಡಬೇಕು, ಬಂದಿದ್ದಕ್ಕೇ ಚಾರ್ಜು, ಬರೋದು ನಾಲ್ಕು ದಿನಕ್ಕೆ. ಅಲ್ಲಿಯವರೆಗೆ ಮಿಣುಕುವ ದೀಪದ ಕೆಳಗೆ ಕೂತವರಿಗೆ ತಲೆನೋವು. ರಾತ್ರಿ ಹತ್ತಕ್ಕೆ ಖಾಲಿ ಫ್ಲೋರಿನಲ್ಲಿ 400 ದೀಪವೂ ಉರಿಯುತ್ತಿರುತ್ತವೆ. ಹೋಗುವಾಗ ಸಾಲುಸಾಲಾಗಿ ಆರಿಸುತ್ತಿದ್ದವರೂ ಆ ಅಣ್ಣನೇ ಅಂತ ನನಗೆ ಆಮೇಲೆ ಗೊತ್ತಾಯಿತು.

ನನ್ನ ವಾದ ಇಷ್ಟೇ. ದೀಪದ ಉಳಿತಾಯ ದೀಪದಿಂದಲೇ ಬರಲಿ. ಬರೀ ಕರೆಂಟಿನ ಲೆಕ್ಕದಲ್ಲೇ ಐದು ತಿಂಗಳಿಗೆ ದುಡ್ಡು ವಾಪಸ್ ಬರುತ್ತಿತ್ತು. ಅದನ್ನು ಮೂರು ತಿಂಗಳು ಅಂತ ತೋರಿಸೋದಕ್ಕೆ ಒಬ್ಬರ ಸಂಬಳ ಬೇಕಿರಲಿಲ್ಲ. ಅವರನ್ನು ಇಟ್ಟುಕೊಂಡೇ ಹಳೇ ಟ್ಯೂಬು ಸರಿಯಾದ ಕಡೆ ಕಳಿಸಬಹುದಿತ್ತು, ಕೆಟ್ಟ ಡ್ರೈವರು ವಾರಂಟಿಯಲ್ಲಿ ಬದಲಾಯಿಸಬಹುದಿತ್ತು, ಖಾಲಿ ಸಾಲಿನ ದೀಪ ಆರಿಸಬಹುದಿತ್ತು. ನಿಮ್ಮ ಆಫೀಸಿನಲ್ಲಿ ಇಂಥ ಶೀಟು ಮಾಡುವ ಸರದಿ ನಿಮ್ಮದಾದರೆ, ಮೇಂಟೆನೆನ್ಸ್ ಅನ್ನೋ ಸಾಲು ಬರೆಯುವ ಮುಂಚೆ ಏಣಿ ಹೊತ್ತುಕೊಂಡು ಬರುವವರ ಹತ್ತಿರ ಐದು ನಿಮಿಷ ಮಾತಾಡಿ. ನಾನು ಮಾತಾಡಲಿಲ್ಲ. ಅವರ ಫೋನ್ ನಂಬರ್ ಕೂಡ ನನ್ನ ಹತ್ತಿರ ಇಲ್ಲ.